ಆರನೇ ಕ್ಲಾಸಿಗೆ ಯಾವ ಸರ್ಕಾರಿ ಶಾಲೆ?

ಪ್ರಶ್ನೆ: ಮಗಳು ಖಾಸಗಿ ಶಾಲೆಯಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಐದನೇ ತರಗತಿ ಮುಗಿಸುತ್ತಿದ್ದಾಳೆ. ಮನೆ ಹತ್ತಿರ ಮೂರು ಸರ್ಕಾರಿ ಶಾಲೆಗಳಿವೆ. ಒಂದಕ್ಕೆ ಹೊಸ ಕಟ್ಟಡ, ಇನ್ನೊಂದರಲ್ಲಿ ಮಕ್ಕಳು ಜಾಸ್ತಿ. ಹೋಲಿಸುವುದು ಹೇಗೆ?
– ಓದುಗರು, ಕೆಂಗೇರಿ, ಬೆಂಗಳೂರು

ಉತ್ತರ: ಕಟ್ಟಡದ ಮಾತು ಆಮೇಲೆ. ಶಾಲೆ ಎಷ್ಟನೇ ತರಗತಿವರೆಗೆ ಇದೆ ಎಂದು ಮೊದಲು ಕೇಳಿ. ಎಷ್ಟೋ ಹಿರಿಯ ಪ್ರಾಥಮಿಕ ಶಾಲೆಗಳು ಏಳಕ್ಕೇ ನಿಲ್ಲುತ್ತವೆ. ಅಂಥಲ್ಲಿ ಸೇರಿಸಿದರೆ ಎರಡೇ ವರ್ಷಕ್ಕೆ ಮತ್ತೆ ಟಿಸಿ, ಮತ್ತೆ ಹೈಸ್ಕೂಲ್ ಹುಡುಕಾಟ. ಕರ್ನಾಟಕ ಪಬ್ಲಿಕ್ ಶಾಲೆಯಲ್ಲಿ ಈ ತಾಪತ್ರಯವಿಲ್ಲ, ಪಿಯುಸಿವರೆಗೂ ಅಲ್ಲೇ. ಇನ್ನು ಮಾಧ್ಯಮ. ‘ನಮ್ಮಲ್ಲಿ ಇಂಗ್ಲಿಷ್ ಮೀಡಿಯಂ ಇದೆ’ ಎಂದರೆ ಆರನೇ ತರಗತಿಗೂ ಇದೆಯೇ ಎಂದು ಬಿಡಿಸಿ ಕೇಳಿ. ಒಂದನೇ ತರಗತಿಯಿಂದ ಶುರುವಾದ ವಿಭಾಗ ವರ್ಷಕ್ಕೊಂದು ತರಗತಿ ಮೇಲೇರುತ್ತದೆ. ಆರಕ್ಕೆ ಇನ್ನೂ ಬಂದಿರಲಿಕ್ಕಿಲ್ಲ.

ನಿಜವಾದ ವ್ಯತ್ಯಾಸ ಇರುವುದು ಶಿಕ್ಷಕರಲ್ಲಿ. ಶಿಕ್ಷಣ ಹಕ್ಕು ಕಾಯ್ದೆ (2009) ಪ್ರಕಾರ 6ರಿಂದ 8ನೇ ತರಗತಿಗೆ ವಿಜ್ಞಾನ–ಗಣಿತಕ್ಕೊಬ್ಬರು, ಸಮಾಜಕ್ಕೊಬ್ಬರು, ಭಾಷೆಗೊಬ್ಬರು ಇರಲೇಬೇಕು. 35 ಮಕ್ಕಳಿಗೆ ಒಬ್ಬರಾದರೂ ಶಿಕ್ಷಕರು ಬೇಕು. ಶಾಲೆಗಳ ಅಂಕಿಅಂಶ ಇಡುವ ಸರ್ಕಾರಿ ಜಾಲತಾಣ ಯುಡೈಸ್ ಪ್ಲಸ್‌ನಲ್ಲಿ ಪ್ರತಿ ಶಾಲೆಯ ವರದಿ ಸಿಗುತ್ತದೆ. ಶಾಲೆಯ 11 ಅಂಕಿಯ ಯುಡೈಸ್ ಸಂಖ್ಯೆ (ನಮ್ಮ ರಾಜ್ಯದ್ದು 29ರಿಂದ ಶುರು) ಹಾಕಿ ನೋಡಿ. ಆದರೆ ಅಲ್ಲಿನ ಒಟ್ಟು ಅನುಪಾತವನ್ನು ನಂಬಿ ಕೂರಬೇಡಿ. 140 ಮಕ್ಕಳು, 7 ಶಿಕ್ಷಕರು ಎಂದರೆ 20ಕ್ಕೊಬ್ಬರು, ಕೇಳಲು ಸೊಗಸು. ಆ ಏಳರಲ್ಲಿ ಆರು ಮಂದಿ ಒಂದರಿಂದ ಐದರವರೆಗೆ ಪಾಠ ಮಾಡುವವರಾದರೆ ನಿಮ್ಮ ಮಗಳಿಗೆ ಸಿಗುವುದು ಒಬ್ಬರೇ. ಹಾಗಾಗಿ ‘ಜಿಪಿಟಿ (6ರಿಂದ 8ಕ್ಕೆ ಪಾಠ ಮಾಡುವ ಪದವೀಧರ ಶಿಕ್ಷಕರು) ಎಷ್ಟು ಜನ, ಯಾವ ಯಾವ ವಿಷಯದವರು, ಅದರಲ್ಲಿ ಅತಿಥಿ ಶಿಕ್ಷಕರು ಎಷ್ಟು’ ಎಂದು ಮುಖ್ಯ ಶಿಕ್ಷಕರನ್ನೇ ಕೇಳಿ. ಅತಿಥಿಗಳು ಕಳಪೆ ಎಂದಲ್ಲ. ಅವರ ನೇಮಕ ಆಯಾ ವರ್ಷದ ಮಟ್ಟಿಗೆ ಮಾತ್ರ. ತಡವಾದರೆ ಅಷ್ಟು ದಿನ ಗಣಿತದ ಪಿರಿಯಡ್ ಖಾಲಿ.

ಶಾಲೆ ನಡೆಯುವ ದಿನವೇ ಹೋಗಿ. ಮಧ್ಯಾಹ್ನದ ಊಟದ ಹೊತ್ತಾದರೆ ಅಡುಗೆಮನೆ, ಕೈ ತೊಳೆಯುವ ನಲ್ಲಿ, ಹೆಣ್ಣುಮಕ್ಕಳ ಶೌಚಾಲಯ ಎಲ್ಲ ಒಂದೇ ಸುತ್ತಿಗೆ ಕಾಣುತ್ತವೆ. ಶೌಚಾಲಯ ‘ಇದೆ’ ಎಂದು ವರದಿಯಲ್ಲಿ ಬರೆದಿರುತ್ತದೆ; ಬೀಗ ಹಾಕಿದ್ದು ವರದಿಯಲ್ಲಿ ಬರುವುದಿಲ್ಲ. ಏಳನೇ ತರಗತಿಯ ಎರಡು ಗಣಿತ ನೋಟ್‌ಬುಕ್ ತೋರಿಸಲು ಕೇಳಿ. ಪುಟದ ಕೆಳಗೆ ಸಹಿ ಮಾತ್ರ ಇದೆಯೋ, ತಪ್ಪಾದ ಹೆಜ್ಜೆಗೆ ಕೆಂಪು ಗುರುತು ಹಾಕಿ ಮತ್ತೆ ಮಾಡಿಸಿದ್ದಾರೋ, ನೋಡಿದರೆ ಗೊತ್ತಾಗುತ್ತದೆ. ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಪೋಷಕರೊಬ್ಬರ ಜೊತೆಗೂ ಮಾತಾಡಿ.

ಮಕ್ಕಳು ಜಾಸ್ತಿ ಇರುವುದು ಸಾಮಾನ್ಯವಾಗಿ ಒಳ್ಳೆಯ ಸೂಚನೆಯೇ, ಒಂದೇ ಕೋಣೆಯಲ್ಲಿ 60 ಮಂದಿಯನ್ನು ತುಂಬಿರದಿದ್ದರೆ.

ಟಿಸಿ ತಡವಾಯಿತೆಂದು ಸರ್ಕಾರಿ ಶಾಲೆ ದಾಖಲಾತಿ ನಿರಾಕರಿಸುವಂತಿಲ್ಲ. ಅದೇ ಕಾಯ್ದೆಯ 5ನೇ ಕಲಮು ಹಾಗೆನ್ನುತ್ತದೆ. ಹಳೆಯ ಶಾಲೆಯಿಂದ ಸ್ಯಾಟ್ಸ್ ಸಂಖ್ಯೆ (ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೂ ಇರುವ ಗುರುತಿನ ಸಂಖ್ಯೆ) ಮಾತ್ರ ಈಗಲೇ ಬರೆಸಿಕೊಳ್ಳಿ. ಅಲ್ಲಿ ಸತಾಯಿಸಿದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.