ತೀರ್ಥಹಳ್ಳಿಯ ಮನೆಯ ಹಳೆಯ ಆಂಟೆನಾ ಟಿವಿಗೆ ಡಿಜಿಟಲ್ ಪ್ರಸಾರ ಬರಲು ಹೊಸ ಟಿವಿ ಕೊಳ್ಳಬೇಕೇ?

ಖಂಡಿತ ಬೇಡ, ಅದನ್ನು ಗುಜರಿಗೆ ಹಾಕಬೇಡಿ. ಟಿವಿಯ ಹಿಂಬದಿಯಲ್ಲಿ ಹಳದಿ, ಬಿಳಿ, ಕೆಂಪು ಎವಿ ಕಿಂಡಿಗಳಿದ್ದರೆ ಸೆಟ್‌ಟಾಪ್ ಬಾಕ್ಸ್ ಜೋಡಿಸಿದರೆ ಸಾಕು. ದೂರದರ್ಶನ ತನ್ನ ಅನಲಾಗ್ ಭೂಪ್ರಸಾರವನ್ನು, ಅಂದರೆ ಗೋಪುರಗಳಿಂದ ಆಂಟೆನಾಗೆ ಬರುತ್ತಿದ್ದ ಹಳೆಯ ಪ್ರಸಾರವನ್ನು, ಹಂತಹಂತವಾಗಿ ನಿಲ್ಲಿಸಿದೆ. ಹಳೆಯ ಆಂಟೆನಾ ಇಳಿಸಬಹುದು.

ನನ್ನ ಆಯ್ಕೆ ಡಿಡಿ ಫ್ರೀ ಡಿಶ್, ಅಂದರೆ ದೂರದರ್ಶನದ ಉಚಿತ ಉಪಗ್ರಹ ಟಿವಿ ಸೇವೆ. ತಿಂಗಳ ಶುಲ್ಕವಿಲ್ಲ, ಚಂದನವೂ ಬರುತ್ತದೆ. ಅದರ ಉಪಗ್ರಹ ಇರುವುದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ. ನಮ್ಮ ಜಿಲ್ಲೆಯಿಂದ ಆಗ್ನೇಯಕ್ಕೆ, ದಿಗಂತದಿಂದ ಸುಮಾರು 63 ಡಿಗ್ರಿ ಎತ್ತರದಲ್ಲಿ ಸಿಗುತ್ತದೆ. ಅಷ್ಟು ಎತ್ತರವಿರುವುದರಿಂದ ಗುಡ್ಡಗಳು ಅಡ್ಡವಾಗುವುದು ಅಪರೂಪ. ನಿಜವಾದ ತೊಡಕು ಮನೆಗೆ ಒತ್ತಿಕೊಂಡ ಅಡಿಕೆ, ಹಲಸಿನ ಮರಗಳು. ಡಿಶ್ ಕೂರಿಸುವ ಮೊದಲು ಆಗ್ನೇಯದ ಆಕಾಶ ತೆರೆದಿದೆಯೇ ನೋಡಿ. ಆಷಾಢದ ಜಡಿಮಳೆಯಲ್ಲಿ ಚಿತ್ರ ಆಗಾಗ ಹೋಗುತ್ತದೆ, ಏಕೆಂದರೆ ಉಪಗ್ರಹದಿಂದ ಡಿಶ್‌ಗೆ ಬರುವ ಕೆಯು ಬ್ಯಾಂಡ್ ಎಂಬ ರೇಡಿಯೊ ತರಂಗಗಳನ್ನು ಮಳೆಹನಿಗಳು ದುರ್ಬಲಗೊಳಿಸುತ್ತವೆ. ಬಾಕ್ಸ್ ಕೆಟ್ಟಿದೆ ಎಂದುಕೊಳ್ಳಬೇಡಿ, ಮಳೆ ಇಳಿಯಲಿ.