ಎದುರಾಳಿ ಮಿತಿ ಮೀರಿ ಮಾಡೆಲ್ ಸರಿಸಿದ್ದು ತಡವಾಗಿ ಗೊತ್ತಾದರೆ ಏನು ಮಾಡಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ಮೇಜಿನ ಮೇಲೆ ಪುಟ್ಟ ಸೈನಿಕರ ಮಾಡೆಲ್‌ಗಳನ್ನು ಸರಿಸಿ ಆಡುವ ಯುದ್ಧದಾಟ ವಾರ್‌ಹ್ಯಾಮರ್ 40,000 ಆಡುವಾಗ 6 ಇಂಚು ಹೋಗಬೇಕಾದ ತುಕಡಿಯನ್ನು ಎದುರಾಳಿ 7 ಇಂಚಿಗಿಂತ ಹೆಚ್ಚು ಸರಿಸಿದ್ದಾರೆ. ಅವರು ಗುಂಡು ಹಾರಿಸಿ ಮುಗಿಸಿದ ಮೇಲೆ ಅದು ನಿಮ್ಮ ಗಮನಕ್ಕೆ ಬಂದಿದೆ. ಈಗ ಅವರು "ದಾಳ ಹಾಕೋಣ, 4 ಅಥವಾ ಮೇಲೆ ಬಿದ್ದರೆ ನನ್ನ ನಡೆ ಸರಿ" ಅನ್ನುತ್ತಿದ್ದಾರೆ.

ಒಪ್ಪಬೇಡಿ. ದಾಳ ಹಾಕಿ ಮುಂದೆ ಸಾಗುವುದು ನಿಯಮದ ಅರ್ಥವೇನು ಎಂಬಲ್ಲಿ ಇಬ್ಬರಿಗೂ ಹೊಂದಾಣಿಕೆ ಆಗದಿದ್ದಾಗ, ರೂಲ್‌ಬುಕ್ ತಿರುವಿದರೂ ಬಗೆಹರಿಯದಿದ್ದಾಗ. 6 ಇಂಚಿನಲ್ಲಿ ಅರ್ಥೈಸುವುದಕ್ಕೆ ಏನಿದೆ? ಮಾಡೆಲ್ ಮೊದಲು ಎಲ್ಲಿತ್ತು ಎಂಬುದೇ ಇಬ್ಬರಿಗೂ ನೆನಪಿಲ್ಲ ಅಂದರೆ ಮಾತು ಬೇರೆ. ಆಗ ದಾಳ ಬಿಟ್ಟರೆ ದಾರಿಯಿಲ್ಲ.

ಹಾಗಂತ ಅವರು ಮೋಸ ಮಾಡಿದರು ಅಂತಲೂ ತೀರ್ಮಾನಿಸಬೇಡಿ. ಬಹಳಷ್ಟು ಸಲ ಆಗುವುದು ಇದು: ಬೇಸಿನ, ಅಂದರೆ ಮಾಡೆಲ್ ಅಂಟಿಸಿರುವ ದುಂಡು ಬಿಲ್ಲೆಯ, ಮುಂದಿನ ಅಂಚಿನಿಂದ ಟೇಪು ಹಿಡಿದು, 6 ಇಂಚಿನ ಗುರುತಿಗೆ ಬೇಸಿನ ಹಿಂದಿನ ಅಂಚನ್ನು ತಂದಿಡುತ್ತಾರೆ. ಈ ಆಟದ ಸ್ಪೇಸ್ ಮರೀನ್ ಎಂಬ ಸೈನಿಕ ನಿಂತಿರುವ 32 ಮಿಲಿಮೀಟರ್ ಬೇಸ್ ಆದರೆ ಅಲ್ಲಿಗೇ ಸುಮಾರು ಒಂದೂಕಾಲು ಇಂಚು ಪುಕ್ಕಟೆ. ನಿಮ್ಮ 7 ಚಿಲ್ಲರೆ ಇಂಚಿನ ಲೆಕ್ಕವೂ ಅಲ್ಲಿಗೇ ಬಂದು ನಿಲ್ಲುತ್ತದೆ, ನೋಡಿ. ಮುಂದಂಚಿನಿಂದ ಅಳೆದರೆ ಮುಂದಂಚಿಗೇ ಮುಗಿಸಬೇಕು, ಅಷ್ಟೆ.

ಈಗ ಸರಿಪಡಿಸುವ ಮಾತು. ಚೆಸ್‌ನಲ್ಲಿ ಇದು ಸುಲಭ. ಅಂತರರಾಷ್ಟ್ರೀಯ ಚೆಸ್ ಒಕ್ಕೂಟ ಫಿಡೆಯ ನಿಯಮದಂತೆ ತಪ್ಪು ನಡೆಗೆ ಮುಂಚಿನ ಸ್ಥಿತಿಗೆ ಹಲಗೆಯನ್ನು ಮರಳಿಸಿ, ಎದುರಾಳಿಗೆ 2 ನಿಮಿಷ ಹೆಚ್ಚು ಕೊಡುತ್ತಾರೆ. ಅಲ್ಲಿ ಮನೆಗಳಿವೆ, ನಡೆಗಳನ್ನು ಬರೆದಿಟ್ಟ ಹಾಳೆಯಿದೆ. ನಮ್ಮ ಮೇಜಿನ ಮೇಲೆ ಎರಡೂ ಇಲ್ಲ. ಹಾಗಾಗಿ ಎಲ್ಲವನ್ನೂ ಹಿಂದಕ್ಕೆ ತಿರುಗಿಸುವ ಬದಲು, ಆ ಹೆಚ್ಚುವರಿ ಇಂಚಿನಿಂದ ಅವರಿಗೆ ನಿಜಕ್ಕೂ ಸಿಕ್ಕಿದ್ದೇನು ಅಂತ ನಾನು ಮೊದಲು ಕೇಳುತ್ತೇನೆ.

ಒಬ್ಬ ಸೈನಿಕನಿಗೆ ಒಂದು ಏಟು, ಏಟಿಗೆ ಒಂದು ದಾಳ ಇರುವ ಒಂದು ಬಂದೂಕು ತಗೊಳ್ಳಿ. ಅದರ ವ್ಯಾಪ್ತಿ 24 ಇಂಚು ಅನ್ನೋಣ. ಸರಿಯಾದ ಜಾಗದಲ್ಲಿ ನಿಂತಿದ್ದರೂ ಗುರಿ 20 ಇಂಚಿನಲ್ಲಿ ಕಾಣುತ್ತಿತ್ತು ಅಂದರೆ ಗುಂಡಿನ ಫಲಿತಾಂಶಕ್ಕೆ ಕೈಹಚ್ಚಬೇಡಿ. ಮಾಡೆಲ್‌ಗಳನ್ನು ಮಾತ್ರ ಹಿಂದಕ್ಕೆ ಸರಿಸಿ. ಆದರೆ ಇಂಥ ಕೆಲವು ಬಂದೂಕುಗಳಿಗೆ ಅರ್ಧ ವ್ಯಾಪ್ತಿಯೊಳಗೆ, ಅಂದರೆ ಇಲ್ಲಿ 12 ಇಂಚಿನಲ್ಲಿ, ಒಂದು ಏಟು ಹೆಚ್ಚು. 13 ಇಂಚು ಇರಬೇಕಾದ್ದು 12ರ ಒಳಗೆ ಬಂದಿದ್ದರೆ 5 ಜನರ ತುಕಡಿ 5 ದಾಳದ ಬದಲು 10 ಹಾಕಿರುತ್ತದೆ. ಬಿದ್ದ ಹತ್ತರಲ್ಲಿ ಯಾವ ಐದನ್ನು ತೆಗೆಯುವುದು ಎಂಬ ಚೌಕಾಸಿಗೆ ಇಳಿಯಲೇಬೇಡಿ, ಅದು ಜಗಳದ ಬೇರು. ಸತ್ತ ಮಾಡೆಲ್‌ಗಳನ್ನು ಮೇಜಿಗೆ ವಾಪಸ್ ಇಟ್ಟು, 5 ದಾಳವನ್ನು ಹೊಸದಾಗಿ ಹಾಕಿಸಿ.

ಇದೆಲ್ಲ ಮುಂದಿನ ನಿರ್ಧಾರ ಆಗುವ ತನಕ ಮಾತ್ರ. ಆ ಫಲಿತಾಂಶ ನೋಡಿಕೊಂಡು ಅವರು ಇನ್ನೊಂದು ತುಕಡಿಯ ಗುರಿ ಬದಲಿಸಿದ್ದರೆ, ನೀವು ಅದನ್ನು ನಂಬಿ ಏನಾದರೂ ಖರ್ಚು ಮಾಡಿದ್ದರೆ, ಅಲ್ಲಿಗೆ ಬಿಟ್ಟುಬಿಡಿ. ನಷ್ಟ ನಿಮ್ಮದೇ, ನಿಜ. ಆದರೆ ಅರ್ಧ ಸರದಿಯನ್ನು ನೆನಪಿನಿಂದ ಕಟ್ಟಲು ಹೋದರೆ ಇನ್ನೂ ನಾಲ್ಕು ತಪ್ಪು ಸೇರಿಕೊಳ್ಳುತ್ತವೆ, ಈ ಸಲ ಇಬ್ಬರದ್ದೂ.

ಪಂದ್ಯಾವಳಿಯಾದರೆ ಜಡ್ಜ್ ಅನ್ನು ಆಗಲೇ ಕರೆಯಿರಿ, ಹತ್ತು ನಿಮಿಷ ವಾದಿಸಿದ ಮೇಲಲ್ಲ. 1824ರ ಪ್ರಷ್ಯನ್ ಸೇನೆಯ ಯುದ್ಧದಾಟ ಕ್ರೀಗ್‌ಸ್ಪೀಲ್‌ನಲ್ಲಿ ಇಂಥದ್ದನ್ನೆಲ್ಲ ನಿರ್ಣಯಿಸಲು ಅಂಪೈರ್ ಒಬ್ಬರು ಕೂತೇ ಇರುತ್ತಿದ್ದರು. ಮನೆಯಲ್ಲಿ ಆಡುವಾಗ ಆ ಸೌಕರ್ಯ ಇಲ್ಲ, ಆದ್ದರಿಂದ ಸರಿಸುವ ಮುಂಚೆ ಮಾಡೆಲ್ ಇದ್ದ ಜಾಗದಲ್ಲಿ ಒಂದು ದಾಳ ಬಿಟ್ಟು ಹೋಗುವುದನ್ನು ಇಬ್ಬರೂ ರೂಢಿ ಮಾಡಿಕೊಳ್ಳಿ. "ಗೋಡೆಯ ಹಿಂದೆ, ನಿಮ್ಮಿಂದ 12 ಇಂಚಿನ ಆಚೆಗೇ ನಿಲ್ಲಿಸುತ್ತಿದ್ದೇನೆ" ಅಂತ ಬಾಯಿಬಿಟ್ಟು ಹೇಳಿ, ಎದುರಿನವರು ಹೂಂ ಅಂದ ಮೇಲೆ ಸರಿಸಿದರೆ ಮುಕ್ಕಾಲು ತಕರಾರು ಹುಟ್ಟುವುದೇ ಇಲ್ಲ.

ಇಷ್ಟಾಗಿಯೂ ಪ್ರತಿ ಆಟದಲ್ಲೂ ಟೇಪು ಅವರ ಕಡೆಗೇ ವಾಲುತ್ತಿದ್ದರೆ, ಇನ್ನೊಬ್ಬ ಎದುರಾಳಿಯನ್ನು ಹುಡುಕಿಕೊಳ್ಳಿ.