ದುಬೈ ಮರೀನಾದಿಂದ ಯಾಚ್: ಎರಡು ಗಂಟೆ ಸಾಕಾಗಲ್ಲ

ಡಿಸೆಂಬರಿನಲ್ಲಿ ಅಪ್ಪ ಅಮ್ಮನನ್ನು ಕರ್ಕೊಂಡು ದುಬೈಗೆ ಬರ್ತಿದ್ದೀವಿ, ಎಂಟು ಜನಕ್ಕೆ ಎರಡು ಗಂಟೆ ಯಾಚ್ ಬಾಡಿಗೆಗೆ ತಗೊಂಡರೆ ಬುರ್ಜ್ ಅಲ್ ಅರಬ್ ಹೋಟೆಲ್ ನೋಡಿ ಬರಬಹುದಾ ಅಂತ ಕೇಳಿದ್ದೀರಿ. ಕಷ್ಟ. ಮೂರು ಗಂಟೆ ತಗೊಳ್ಳಿ.

ಎರಡು ಗಂಟೆಯಲ್ಲಿ ಸಾಮಾನ್ಯವಾಗಿ ಮರೀನಾದ ಕಾಲುವೆ ದಾಟಿ, ಜೆಬಿಆರ್ (ಜುಮೇರಾ ಬೀಚ್ ರೆಸಿಡೆನ್ಸ್) ಬೀಚ್ ಮತ್ತು 250 ಮೀಟರ್ ಎತ್ತರದ ಐನ್ ದುಬೈ ಜೈಂಟ್ ವೀಲ್ ನೋಡಿಕೊಂಡು, ಖರ್ಜೂರದ ಮರದ ಆಕಾರದ ಕೃತಕ ದ್ವೀಪ ಪಾಮ್ ಜುಮೇರಾದ ತುದಿಯಲ್ಲಿರುವ ಅಟ್ಲಾಂಟಿಸ್ ಹೋಟೆಲ್ ಎದುರು ಸ್ವಲ್ಪ ಹೊತ್ತು ನಿಲ್ಲಿಸಿ, ಅಲ್ಲಿಂದಲೇ ವಾಪಸ್ ತಿರುಗಿಸುತ್ತಾರೆ. ಮರೀನಾದೊಳಗೆ ಬೋಟು ನಿಧಾನಕ್ಕೇ ಹೋಗಬೇಕು. ಅಲ್ಲೇ ಸುಮಾರು ಹೊತ್ತು ಹಿಡಿಯುತ್ತದೆ. ಮೂರು ಗಂಟೆ ತಗೊಂಡರೂ ಬುರ್ಜ್ ಅಲ್ ಅರಬ್ ತೀರಾ ಹತ್ತಿರಕ್ಕೆ ಬಿಡಲ್ಲ, ದೂರದಿಂದಲೇ ನೋಡಬೇಕು, ಆದರೂ ಸಮುದ್ರದ ಕಡೆಯಿಂದ ಅದರ ಹಾಯಿಯ ಆಕಾರ ಕಾಣುವುದೇ ಬೇರೆ.

ಮಧ್ಯಾಹ್ನ 3.30ಕ್ಕೆ ಹೊರಡಿ. ಡಿಸೆಂಬರಿನಲ್ಲಿ ಸೂರ್ಯ 5.30ರ ಸುಮಾರಿಗೆ ಮುಳುಗುತ್ತಾನೆ, ಅದೂ ಸಮುದ್ರದ ಮೇಲೆಯೇ, ವಾಪಸ್ ಬರುವಾಗ ಮರೀನಾದ ಗೋಪುರಗಳಿಗೆಲ್ಲ ದೀಪ ಹತ್ತಿರುತ್ತದೆ. ನನಗಂತೂ ಅದೇ ಜಾಸ್ತಿ ಇಷ್ಟ.

ಬಾಡಿಗೆ ತಲೆಗಲ್ಲ, ಇಡೀ ಬೋಟಿಗೆ, ಗಂಟೆ ಲೆಕ್ಕ. 5% ವ್ಯಾಟ್ ಸೇರಿದೆಯಾ ಕೇಳಿ. ಎಲ್ಲರ ಪಾಸ್‌ಪೋರ್ಟ್ ಪ್ರತಿ ಕೇಳಬಹುದು, ಜೊತೆಗಿಟ್ಟುಕೊಳ್ಳಿ. ಚಳಿಗಾಲದಲ್ಲಿ ವಾಯವ್ಯದಿಂದ ಶಮಾಲ್ ಗಾಳಿ ಎದ್ದರೆ ಕಾಲುವೆ ದಾಟಿದ ಕೂಡಲೇ ಬೋಟು ಚೆನ್ನಾಗಿ ಹೊಯ್ದಾಡುತ್ತದೆ, ವಯಸ್ಸಾದವರಿಗೆ ಸುಮ್ನೆ ಹಿಂಸೆ ಅಲ್ವಾ, ಹಾಗಾಗಿ ದಿನ ಬದಲಿಸಿದರೆ ದುಡ್ಡು ಹೋಗುತ್ತದಾ ಅಂತ ಮುಂಗಡ ಕೊಡುವ ಮೊದಲೇ ಬರವಣಿಗೆಯಲ್ಲಿ ಕೇಳಿ. ಅಮ್ಮನಿಗೊಂದು ಶಾಲು ಮರೆಯಬೇಡಿ.